ರುಬಿಡಿಯಂ ಆಸಿಲೇಟರ್: ಸೆಕೆಗೆ ಎಷ್ಟು ಜರುಗುತ್ತೆ, ವಯಸ್ಸಿಗೆ ಎಷ್ಟು?

ಹಳೇ ಮೊಬೈಲ್ ಟವರ್‌ಗಳಿಂದ ಕಿತ್ತ ಎಫ್‌ಇ-5680ಎ ಥರದ ರುಬಿಡಿಯಂ ಆಸಿಲೇಟರ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗ್ತವೆ. ರುಬಿಡಿಯಂ ಪರಮಾಣುವಿನ ಆಧಾರದ ಮೇಲೆ ನಿಖರವಾದ 10 ಮೆಗಾಹರ್ಟ್ಸ್ ಸಿಗ್ನಲ್ ಕೊಡೋ ಡಬ್ಬಿ ಇದು. 10 ಮೆಗಾಹರ್ಟ್ಸ್ ಬಂತು ಅಂತ ಖುಷಿಪಡೋರೇ ಜಾಸ್ತಿ, ಅದು ಎಷ್ಟು ನೆಟ್ಟಗಿದೆ ಅಂತ ಅಳೆಯೋರು ಕಮ್ಮಿ. ರುಬಿಡಿಯಂ-87 ಪರಮಾಣು 6.834 ಗಿಗಾಹರ್ಟ್ಸ್‌ಗೆ ಅಂಟ್ಕೊಂಡಿರುತ್ತೆ ನಿಜ, ಆದ್ರೆ ಒಳಗಿನ ದೀಪದ ಬೆಳಕು, ಗಾಜಿನ ಸೆಲ್‌ನೊಳಗಿನ ಬಫರ್ ಗ್ಯಾಸ್ (ರುಬಿಡಿಯಂ ಜೊತೆ ತುಂಬಿರೋ ಅನಿಲ) ಇವೆಲ್ಲ ಬಿಸಿಗೂ ಬದಲಾಗ್ತವೆ ವಯಸ್ಸಿಗೂ ಬದಲಾಗ್ತವೆ, ಜೊತೆಗೆ ಫ್ರೀಕ್ವೆನ್ಸಿನೂ ಜರುಗುತ್ತೆ, ಗ್ರಾಫಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಬೆಂಗಳೂರಲ್ಲಿ ಜನವರಿಗೆ ಶುರು ಮಾಡಿ ಏಪ್ರಿಲ್‌ವರೆಗೆ ಅಳೆದ್ರೆ ರೂಮಿನ ಸೆಕೆ ಏರಿದ್ದನ್ನೇ ಏಜಿಂಗ್ (ವಯಸ್ಸಿಗೆ ಜರುಗೋದು) ಅಂದ್ಕೊಂಡುಬಿಡ್ತೀರ. ಅದಕ್ಕೇ ಮೊದ್ಲು ಟೆಂಪರೇಚರ್ ಲೆಕ್ಕ ಮುಗಿಸಿ.

ಬೇಕಾಗಿರೋದು ಜಿಪಿಎಸ್ ರಿಸೀವರ್‌ನ ಸೆಕೆಂಡಿಗೊಂದು ಪಲ್ಸ್, 10 ಮೆಗಾಹರ್ಟ್ಸನ್ನ ಒಂದು ಕೋಟಿಯಿಂದ ಭಾಗಿಸಿ ಅದೇ ಥರ ಪಲ್ಸ್ ಕೊಡೋ ಡಿವೈಡರ್, ಒಂದು ಟೈಮ್ ಇಂಟರ್‌ವಲ್ ಕೌಂಟರ್. ಎರಡು ಪಲ್ಸ್ ನಡುವಿನ ಅಂತರವನ್ನ ಲಾಗ್ ಮಾಡ್ತಾ ಹೋಗಿ. ಲಕ್ಷ ಕೋಟಿಯಲ್ಲಿ ಒಂದು ಪಾಲು ಫ್ರೀಕ್ವೆನ್ಸಿ ತಪ್ಪಿದ್ರೆ ಈ ಅಂತರ ದಿನಕ್ಕೆ 86.4 ನ್ಯಾನೋಸೆಕೆಂಡ್ ಜಾರುತ್ತೆ, ಗ್ರಾಫಿನ ಆ ಇಳಿಜಾರೇ ನಮ್ಮ ಅಳತೆ. ಜಿಪಿಎಸ್ ಪಲ್ಸೇ ಹತ್ತಾರು ನ್ಯಾನೋಸೆಕೆಂಡ್ ಅಲ್ಲಾಡುತ್ತೆ, ಹಗಲು ರಾತ್ರಿಗೆ ಸಿಗ್ನಲ್ ದಾಟಿ ಬರೋ ಮೇಲಿನ ವಾತಾವರಣದ ಪದರ, ಅಯಾನುಗೋಳ, ಬೇರೆ ಬದಲಾಗುತ್ತೆ, ಹಾಗಾಗಿ ಒಂದೊಂದು ಅಳತೆಗೂ ಪೂರ್ತಿ 24 ಗಂಟೆ ಕೊಡಿ, ಗಂಟೆ ಎರಡು ಗಂಟೆ ನೋಡಿ ತೀರ್ಮಾನ ಬರೆಯೋದು ಬರೀ ಊಹೆ.

ಯೂನಿಟ್ಟನ್ನ ದಪ್ಪ ಹೀಟ್‌ಸಿಂಕ್‌ಗೆ ಬಿಗಿದು, ಬೇಸ್‌ಪ್ಲೇಟ್‌ಗೇ ಸೆನ್ಸರ್ ಅಂಟಿಸಿ, ಡಿಎಸ್18ಬಿ20 ಸಾಕು. ರೂಮಿನ ಗಾಳಿ ಅಳೆದು ಪ್ರಯೋಜನ ಇಲ್ಲ. ಫ್ಯಾನ್ ಸ್ಪೀಡ್ ಹೆಚ್ಚುಕಮ್ಮಿ ಮಾಡಿ ಪ್ಲೇಟನ್ನ ಬೇಕಾದ ಡಿಗ್ರಿಗೆ ನಿಲ್ಲಿಸೋದು, ಕೆಲವು ದಿನ ಆನ್ ಇಟ್ಟು ಸೆಟ್ಲ್ ಆಗೋಕೆ ಬಿಡೋದು, ಆಮೇಲೆ ಅಸಲಿ ಕೆಲಸ: 40 ಡಿಗ್ರಿಯಲ್ಲಿ ಒಂದು ದಿನ, 50ರಲ್ಲಿ ಒಂದು ದಿನ, ಮತ್ತೆ 40ಕ್ಕೇ ಇಳಿಸಿ ಇನ್ನೊಂದು ದಿನ, ಡಿಗ್ರಿ ಬದಲಾಯಿಸಿದ ಮೇಲಿನ ಮೊದಲ ಕೆಲವು ಗಂಟೆಗಳ ಡೇಟಾ ಬಿಟ್ಟು ಅಲ್ಲಿಂದ 24 ಗಂಟೆ ಲೆಕ್ಕ ಹಾಕಿ. ವಾಪಸ್ ಬರೋದನ್ನ ತುಂಬಾ ಜನ ಬಿಟ್ಬಿಡ್ತಾರೆ, ಆದ್ರೆ ವಾಪಸ್ ಬರೋದ್ರಲ್ಲೇ ಇರೋದು ಜಾಣತನ.

ಉದಾಹರಣೆಗೆ ಮೊದಲ ದಿನ ಲಕ್ಷ ಕೋಟಿಯಲ್ಲಿ 30 ಪಾಲು, ಎರಡನೇ ದಿನ 41, ಮೂರನೇ ದಿನ 32 ಬಂತು ಅನ್ನಿ. ಮೊದಲು ಕೊನೆಯದರ ಸರಾಸರಿ 31, ನಡುವಿನದು ಅದಕ್ಕಿಂತ 10 ಜಾಸ್ತಿ, ಅಂದ್ರೆ ಡಿಗ್ರಿಗೆ 1 ಪಾಲು, ಇದು ಶುದ್ಧ ಟೆಂಪರೇಚರ್ ಪರಿಣಾಮ. ಅದೇ 40 ಡಿಗ್ರಿಯಲ್ಲಿ ಎರಡು ದಿನದಲ್ಲಿ 2 ಪಾಲು ಏರಿದ್ದು ವಯಸ್ಸಿನದ್ದು, ತಿಂಗಳಿಗೆ ಸುಮಾರು 30. ಪಿಆರ್‌ಎಸ್10 ಅನ್ನೋ ಇನ್ನೊಂದು ರುಬಿಡಿಯಂ ಆಸಿಲೇಟರ್ ಥರದ ಯೂನಿಟ್‌ಗೆ ಡೇಟಾಶೀಟ್ ತಿಂಗಳಿಗೆ 50ರೊಳಗೆ ಅನ್ನುತ್ತೆ, ಹಾಗೆ ನೋಡಿದ್ರೆ ಇದು ಪರವಾಗಿಲ್ಲ.

ಮೂರು ದಿನದ ಏಜಿಂಗ್ ನಂಬರ್ ಬರೀ ಅಂದಾಜು, ಗಟ್ಟಿ ಬೇಕಂದ್ರೆ ತಿಂಗಳುಗಟ್ಟಲೆ ಓಡಿಸಿ, ದಿನಾ ಪ್ಲೇಟ್ ಟೆಂಪರೇಚರ್‌ನಿಂದ ಆದದ್ದನ್ನ ಕಳೆದು ಉಳಿದದ್ದಕ್ಕೆ ಗೆರೆ ಹಾಕಿ. ಈ ಅವಧಿಯಲ್ಲಿ ಫ್ರೀಕ್ವೆನ್ಸಿ ಟ್ರಿಮ್ (ಫ್ರೀಕ್ವೆನ್ಸಿ ತಿದ್ದೋ ಸೆಟ್ಟಿಂಗ್) ಮುಟ್ಟಬೇಡಿ, ಪಕ್ಕದಲ್ಲಿ ಸ್ಪೀಕರ್ ಇಡ್ಬೇಡಿ, ಮ್ಯಾಗ್ನೆಟ್‌ಗೂ ಇದು ಜರುಗುತ್ತೆ. ಯುಪಿಎಸ್ ಅಂತೂ ಬೇಕೇಬೇಕು, ಯಾಕಂದ್ರೆ ಒಂದ್ಸಲ ಕರೆಂಟ್ ಹೋಗಿ ತಣ್ಣಗಾದ್ರೆ ಮತ್ತೆ ಬಿಸಿಯಾದಾಗ ಹಳೇ ಫ್ರೀಕ್ವೆನ್ಸಿಗೇ ಬಂದು ನಿಲ್ಲಲ್ಲ, ಆಗ ಆ ದಿನದಿಂದ ಹೊಸ ಗೆರೆ ಶುರು ಮಾಡ್ಬೇಕು.