‘ಬಿಟ್ಟಿದ್ದೀನಿ’ ಅಲ್ಲ, ‘ಸೇದಲ್ಲ’

ಸಿಗರೇಟು ಬಿಟ್ಟಾಗ ಸಿಡುಕು, ನಿದ್ದೆಗೇಡು, ಚಡಪಡಿಕೆ ಜೋರಾಗಿರುವುದು ಮೊದಲ ವಾರ. 3–4 ವಾರಕ್ಕೆ ಬಹುಪಾಲು ಇಳಿಯುತ್ತವೆ. ಆದರೂ ಮೂರನೇ ತಿಂಗಳಲ್ಲಿ, ಆರನೇ ತಿಂಗಳಲ್ಲಿ ಮತ್ತೆ ಹಚ್ಚುವವರಿದ್ದಾರೆ. ದೇಹ ಬಿಟ್ಟಿರುತ್ತದೆ, ಆದರೆ ತಮ್ಮ ಲೆಕ್ಕದಲ್ಲಿ ಅವರಿನ್ನೂ ಸೇದುವವರೇ. ಸದ್ಯಕ್ಕೆ ತಡೆದುಕೊಂಡಿದ್ದಾರೆ, ಅಷ್ಟೇ.

ಮೊದಲು ಬಾಯಿಮಾತು ಸರಿಮಾಡಿಕೊಳ್ಳಿ. ಟೀ ಅಂಗಡಿ ಮುಂದೆ ಗೆಳೆಯ ಪ್ಯಾಕ್ ಚಾಚಿದಾಗ ‘ಬಿಟ್ಟಿದ್ದೀನಿ ಕಣೋ’ ಅಂದಿರೋ, ಮುಂದಿನ ಮಾತು ಸಿದ್ಧ: ‘ಎಷ್ಟು ದಿನ ಆಯ್ತು? ಒಂದಕ್ಕೇನಾಗಲ್ಲ, ತಗೋ.’ ‘ಬಿಡ್ತಾ ಇದ್ದೀನಿ’ ಅಂದರಂತೂ ಮುಗಿದೇ ಹೋಯಿತು. ‘ನಾನು ಸೇದಲ್ಲ’ ಅನ್ನಿ. ಅದರಲ್ಲಿ ದಿನಗಳ ಎಣಿಕೆಯಿಲ್ಲ, ಚೌಕಾಸಿಗೆ ಜಾಗವಿಲ್ಲ. ಕಾರಣ ಸೇರಿಸಬೇಡಿ. ‘ಡಾಕ್ಟರು ಬೇಡ ಅಂದಿದ್ದಾರೆ’ ಎಂದರೆ ಬೇಡ ಅಂದವರು ಡಾಕ್ಟರು, ನೀವಲ್ಲ. ಮೊದಮೊದಲು ಸುಳ್ಳು ಹೇಳಿದಂತೆ ಅನ್ನಿಸುತ್ತದೆ. ಹೇಳುತ್ತಾ ಹೋಗಿ, ನಾಲಿಗೆಗೆ ಕೂರುತ್ತದೆ.

ಜೇಬಿನ ಲೈಟರು, ಬೈಕಿನ ಡಿಕ್ಕಿಯಲ್ಲಿ ಉಳಿದ ಅರ್ಧ ಪ್ಯಾಕು, ಬಾಲ್ಕನಿಯ ಆಶ್‌ಟ್ರೇ ಎಲ್ಲ ಹೊರಗೆ. ‘ಯಾರಾದರೂ ಬಂದರೆ ಇರಲಿ’ ಎಂದು ಇಟ್ಟುಕೊಳ್ಳುವುದು ನಿಮಗಾಗಿಯೇ. ಟೀ ವೇಳೆಗೆ ಗೆಳೆಯರನ್ನು ಬಿಡಬೇಕಿಲ್ಲ. ಸೇದುತ್ತಿದ್ದ ಕೈಯಲ್ಲೇ ಲೋಟ ಹಿಡಿಯಿರಿ, ಹೊಗೆಯ ಗುಂಪಿನಿಂದ ನಾಲ್ಕು ಹೆಜ್ಜೆ ಈಚೆ ನಿಲ್ಲಿ. ಮೊದಲ ತಿಂಗಳು ಗುಂಡು ಪಾರ್ಟಿ ಮಾತ್ರ ಬೇಡ.

ಕಾಫಿಯದೊಂದು ಗುಟ್ಟಿದೆ. ಹೊಗೆಯಲ್ಲಿರುವ ರಾಸಾಯನಿಕಗಳಿಂದ ಸೇದುವವರ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತಾಗ ಆ ವೇಗವೂ ಇಳಿದು, ಅದೇ 4 ಲೋಟ ಫಿಲ್ಟರ್ ಕಾಫಿ ಹೆಚ್ಚಾಗಿ ಏರುತ್ತದೆ. ಎದೆ ಡವಡವ, ರಾತ್ರಿ ನಿದ್ದೆಯಿಲ್ಲ. ‘ಸಿಗರೇಟಿಲ್ಲದೆ ನನಗಾಗಲ್ಲ’ ಎಂದುಕೊಳ್ಳುವ ಮುಂಚೆ ಕಾಫಿ ಅರ್ಧಕ್ಕಿಳಿಸಿ. ಬೈಟು ಇರುವುದು ಇದಕ್ಕೇ!

ನಿಕೋಟಿನ್ ಗಮ್ ಬಳಸಿದರೆ ‘ಇನ್ನೂ ಚಟ ಬಿಟ್ಟಿಲ್ಲ’ ಎಂದು ಕುಗ್ಗಬೇಡಿ; ಗಮ್ಮಿನಲ್ಲಿ ಹೊಗೆಯಿಲ್ಲ. ಆದರೆ ಬಬಲ್‌ಗಮ್ಮಿನಂತೆ ಜಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. 2 ಮಿ.ಗ್ರಾಂನದು ನಿಧಾನ ಜಗಿದು, ಖಾರದ ಚುರುಕು ಬಂದಾಗ ಕೆನ್ನೆ–ವಸಡಿನ ನಡುವೆ ಒತ್ತರಿಸಿಡಿ. ಚುರುಕು ಇಳಿದಾಗ ಮತ್ತೆ ಜಗಿಯಿರಿ. ಹೀಗೆ 30 ನಿಮಿಷ. ಅದಕ್ಕೂ 15 ನಿಮಿಷ ಮುಂಚೆ ಕಾಫಿ, ಜ್ಯೂಸು ಬೇಡ. ಹುಳಿ ಇದ್ದರೆ ಬಾಯಿ ನಿಕೋಟಿನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು. ಗಮ್ಮಿನ ಬದಲು ಗುಟ್ಕಾಕ್ಕೆ ಹೋದರೆ ಅಂಗಡಿ ಅದೇ, ಡಬ್ಬ ಬೇರೆ.

ಇಷ್ಟಾಗಿಯೂ ಯಾವುದೋ ಮದುವೆ ಮನೆಯಲ್ಲಿ, ಇಸ್ಪೀಟಿನ ನಡುವೆ ಒಂದು ಸೇದಿಬಿಟ್ಟಿರಿ ಅನ್ನಿ. ಆ ಒಂದಕ್ಕಿಂತ ಅಪಾಯಕಾರಿ ಅದರ ಹಿಂದೆ ಬರುವ ಮಾತು: ‘ನಾನು ಇಷ್ಟೇ, ಇನ್ನು ಪ್ಯಾಕೇ ಮುಗಿಸೋಣ.’ ಉಳಿದದ್ದನ್ನು ನಲ್ಲಿ ಕೆಳಗೆ ಹಿಡಿದು ನೆನೆಸಿ ಎಸೆಯಿರಿ. ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ಎಂದು ಫೋನಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ಆಸೆ ಬಿಡದಿದ್ದರೆ 1800-11-2356ಕ್ಕೆ ಕರೆ ಮಾಡಿ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ ಉಚಿತ ನಂಬರು, ಕನ್ನಡದಲ್ಲೂ ಮಾತಾಡಬಹುದು. ಮರುದಿನ ಅದೇ ಗೆಳೆಯ ಪ್ಯಾಕ್ ಚಾಚಿ ‘ನಿನ್ನೆ ಸೇದಿದ್ಯಲ್ಲೋ?’ ಎಂದು ಕೇಳಿಯೇ ಕೇಳುತ್ತಾನೆ. ಉತ್ತರ: ‘ಹೌದು. ಸೇದಲ್ಲ.’