ಪುನರ್ಪುಳಿ ಸಿಪ್ಪೆಯನ್ನು ಜಾಸ್ತಿ ಕುದಿಸಬೇಡಿ
ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವರಿಗೆ ಪುನರ್ಪುಳಿ (ಕೋಕಂ ಹಣ್ಣು) ಹೊಸದಲ್ಲ, ಅಲ್ವಾ? ಆದರೆ ಸಿಪ್ಪೆಯನ್ನು ಸುಮ್ನೆ ತುಂಬಾ ಹೊತ್ತು ಕುದಿಸಬೇಡಿ. ಕೆಂಪು ಬಣ್ಣ ಕೊಡುವ ಆಂಥೋಸಯನಿನ್ ಬಿಸಿಗೆ ಹಾಳಾಗುತ್ತದೆ. ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ. ಸಾರಿಗಾದರೆ ಒಂದು ಕುದಿ ಸಾಕು.

ಸಿಪ್ಪೆಯಲ್ಲಿ ಗಾರ್ಸಿನಾಲ್ ಅಂತ ಇನ್ನೊಂದು ಅಂಶ ಇದೆ. ಅದು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವಂಥದ್ದು. ಹಾಗಾಗಿ ತೆಂಗಿನೆಣ್ಣೆ ಒಗ್ಗರಣೆಯೋ ಕಾಯಿಹಾಲೋ ಇದ್ದರೆ ಒಳ್ಳೆಯದು ಅಂತ ನನಗನಿಸುತ್ತದೆ. ಗಾರ್ಸಿನಾಲ್ ಉರಿಯೂತ ತಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ, ಮಿದುಳಿನ ಜೀವಕೋಶಗಳ ಮೇಲೂ ಪರೀಕ್ಷೆ ನಡೆದಿದೆ. ಹಾಗಂತ ಮರೆವಿನ ಕಾಯಿಲೆಗೆ ಇದು ಮದ್ದಲ್ಲ. ಅಜ್ಜ ಅಜ್ಜಿಯರ ಮಾತ್ರೆ ನಿಲ್ಲಿಸಿ ಇದನ್ನು ಕೊಡಬೇಡಿ, ದಯವಿಟ್ಟು.

ಶರಬತ್ತಿಗೆ ಸಕ್ಕರೆ ಸುರಿಯಬೇಡಿ. ಉಪ್ಪು, ಜೀರಿಗೆ ಸಾಕು.