ಹಳೇ ಡೀಸೆಲ್ ಗಾಡಿ ಹೈ ಆರ್‌ಪಿಎಂನಾಗ ಜಗ್ಗಾಡ್ತೈತೇನ್ರಿ? ಟರ್ಬೊ ಬಿಚ್ಚಿಸೂಕಿಂತ ಮೊದಲ ಇಷ್ಟು ನೋಡ್ರಿ

2500 ಆರ್‌ಪಿಎಂ ತನಕ ಗಾಡಿ ಚಲೋ ಎಳೀತೈತಿ, 3000 ದಾಟಿದ ಕೂಡ್ಲೇ ಹಿಡೀತೈತಿ ಬಿಡ್ತೈತಿ, ಹಿಡೀತೈತಿ ಬಿಡ್ತೈತಿ. ಹಳೇ ಸ್ವಿಫ್ಟ್ ಡೀಸೆಲ್, ಇಂಡಿಕಾ ವಿಸ್ಟಾ ಕ್ವಾಡ್ರಾಜೆಟ್, ಲಿನಿಯಾ ಡೀಸೆಲ್ ಇಟ್ಕೊಂಡವರಿಗೆ ಇದು ಹೊಸಾದಲ್ಲ, ಮೂರರಾಗೂ ಅದ 1248 ಸಿಸಿ ಮಲ್ಟಿಜೆಟ್ ಇಂಜಿನ್. ಹೊಗಿ ಜೋರಿಗೆ ತಿರುಗಿ ಇಂಜಿನ್‌ಗೆ ಗಾಳಿ ತುಂಬೂ ಫ್ಯಾನಿಗೆ ಟರ್ಬೊ ಅಂತಾರ. ಗ್ಯಾರೇಜಿಗೆ ಹೋದ್ರ ಬಾನೆಟ್ ಎತ್ತೂದ್ರಾಗ "ಟರ್ಬೊ ಹೋಗೈತ್ರಿ" ಅಂತಾರ. ಅಷ್ಟಕ್ಕ ಹೂಂ ಅನ್ನಬ್ಯಾಡ್ರಿ. ಒಂದು ರಬ್ಬರ್ ಪೈಪ್ ಸೀಳಿದ್ದಕ್ಕ ಮಂದಿ ಟರ್ಬೊನ ಬದಲಿ ಮಾಡಿಸ್ತಾರ, ರೊಕ್ಕ ಹೋಗ್ತೈತಿ, ಗಾಡಿ ಮತ್ತ ಹಂಗ ಜಗ್ಗಾಡ್ತೈತಿ, ಇದನ್ನ ನೋಡಿದ್ರ ಹೊಟ್ಟಿ ಉರೀತೈತ್ರಿ.

ಮೊದಲ ಗಾಡಿ ನಿಂದ್ರಿಸಿ ನ್ಯೂಟ್ರಲ್‌ನಾಗ 3000ದ ತನಕ ರೇಸ್ ಕೊಟ್ಟು ಹಿಡಕೊಳ್ರಿ. ಇಲ್ಲೇ ಏರಿಳಿತ ಬಂದ್ರ ಡೀಸೆಲ್ ಸಪ್ಲೈ ಇಲ್ಲಾ ಸೆನ್ಸರ್ ಮ್ಯಾಲ ಡೌಟ್ ಇಡ್ರಿ, ಯಾಕಂದ್ರ ಲೋಡ್ ಇಲ್ದ ಟರ್ಬೊ ಪ್ರೆಶರ್ ಅಷ್ಟೇನೂ ಕಟ್ಟಂಗಿಲ್ಲ. ನಿಂತಾಗ ಸುಮ್ನ ಇದ್ದು, ಮೂರನೇ ಗೇರ್‌ನಾಗ ಕಾಲ ಒತ್ತಿದಾಗಷ್ಟ ಬಂದ್ರ ಗಾಳಿ ಪೈಪ್, ಟರ್ಬೊ ಕಂಟ್ರೋಲು, ಡೀಸೆಲ್ ಫಿಲ್ಟರ್ ಮೂರೂ ನೋಡಬೇಕು. ಹೊಗಿ ಬಣ್ಣಾನೂ ನೋಡ್ರಿ, ಕರ್ರಗ ದಟ್ಟ ಬಂದ್ರ ಗಾಳಿ ಕಮ್ಮಿ, ಹೊಗಿನ ಇಲ್ದ ಶಕ್ತಿ ಹೋದ್ರ ಬಹಳ ಸಲ ಡೀಸೆಲ್ ಕಮ್ಮಿ.

ಡೀಸೆಲ್ ಕಡೆ ಕೆಲಸ ಸಣ್ಣದು. ಫಿಲ್ಟರ್ ಯಾವಾಗ ಬದಲಿ ಮಾಡ್ಸಿದ್ದು ನೆನಪಿಲ್ಲಂದ್ರ ವಿಚಾರ ಮಾಡಬ್ಯಾಡ್ರಿ, ಬದಲಿ ಮಾಡ್ಸಿಬಿಡ್ರಿ, ಅದರ ತಳದಾಗಿನ ನೀರು ಡ್ರೇನ್ ಮಾಡ್ರಿ. ಜಗ್ಗಾಡೂ ಹೊತ್ತಿಗೆ ಟ್ಯಾಂಕ್ ಮುಚ್ಚಳ ಸಡ್ಲ ಮಾಡಿ ಓಡಿಸಿ ನೋಡ್ರಿ, ಸರಿ ಆದ್ರ ಟ್ಯಾಂಕಿನ ಗಾಳಿ ದಾರಿ ಕಟ್ಟೈತಿ ಅಂತ ತಿಳೀರಿ. ಆದ್ರ ಇಂಜಿನ್ ಚಾಲೂ ಇದ್ದಾಗ ಇಂಜೆಕ್ಟರ್ ಪೈಪ್ ಮಾತ್ರ ಸಡ್ಲ ಮಾಡಬ್ಯಾಡ್ರಿ, ಕಾಮನ್ ರೈಲಿನಾಗ, ಅಂದ್ರ ಎಲ್ಲಾ ಇಂಜೆಕ್ಟರ್‌ಗೂ ಡೀಸೆಲ್ ಕೊಡೂ ಪೈಪಿನಾಗ, ಐಡಲಿಂಗ್‌ನಾಗೂ ಪ್ರೆಶರ್ ನೂರಾರು ಬಾರ್ ಇರ್ತೈತಿ, ಲೋಡ್ ಬಿದ್ರ ಸಾವಿರ ದಾಟ್ತೈತಿ, ಆ ಡೀಸೆಲ್ ಚರ್ಮ ಸೀಳಿ ಒಳಗ ಹೋಗ್ತೈತಿ.

ಇನ್ನ ಗಾಳಿ ಕಡೆ, ಇಲ್ಲೇ ಟೈಮ್ ಕೊಡಬೇಕು. ಏರ್ ಫಿಲ್ಟರ್ ತಗದು ಬೆಳಕಿಗೆ ಹಿಡೀರಿ, ನಮ್ಮ ರೋಡಿನ ಧೂಳಿಗೆ ಪುಸ್ತಕದಾಗಿನ ಲೆಕ್ಕಕ್ಕಿಂತ ಲಗೂನ ತುಂಬಿರ್ತೈತಿ. ಆಮ್ಯಾಲ ಟರ್ಬೊದಿಂದ ಇಂಟರ್‌ಕೂಲರ್ (ಬಿಸಿ ಗಾಳಿ ತಣ್ಣಗ ಮಾಡೂ ಜಾಳಗಿ), ಇಂಟರ್‌ಕೂಲರ್‌ನಿಂದ ಇಂಜಿನ್ ತನಕ ಹೋಗೂ ದಪ್ಪ ಪೈಪ್ ಪೂರಾ ಕೈಯಾಡಿಸ್ರಿ, ತಳದ ಕಡೆನೂ, ಕ್ಲಾಂಪಿನ ಸಂದ್ಯಾಗೂ. ಎಲ್ಲಿ ಎಣ್ಣಿ ಜಿಡ್ಡಿಗೆ ಧೂಳು ಕುಂತು ಕರ್ರಗ ಪಟ್ಟಿ ಆಗೈತೋ ಅಲ್ಲೇ ಸೀಳಿರೂ ಚಾನ್ಸ್ ಜಾಸ್ತಿ. ಐಡಲಿಂಗ್‌ನಾಗ ಈ ಸೀಳು ಕಾಣಂಗಿಲ್ಲ, ಪ್ರೆಶರ್ ಬಂದಾಗಷ್ಟ ಬಾಯಿ ತಗೀತೈತಿ, ಅದಕ್ಕ ಪೈಪಿಗೆ ಹೊರಗಿಂದ ಅರ್ಧ ಬಾರಿನಷ್ಟು ಗಾಳಿ ಕೊಡ್ಸಿ ಸೋಪಿನ ನೀರು ಹಚ್ಚಿಸ್ರಿ, ಪಂಕ್ಚರ್ ಅಂಗಡ್ಯಾಗ ಟ್ಯೂಬಿನ ತೂತು ಸಿಗೂ ಹಂಗ ಗುಳ್ಳಿ ಎದ್ದಲ್ಲೇ ಸಿಗ್ತೈತಿ. ವ್ಯಾಕ್ಯೂಮಿನ ಸಣ್ಣ ರಬ್ಬರ್ ನಳಿಗಿ ಇದ್ರ ಅವನ್ನೂ ಬಗ್ಗಿಸಿ ನೋಡ್ರಿ, ಹತ್ತು ಹದಿನೈದು ವರ್ಷದ ಬಿಸಿಗೆ ಬಿರುಕು ಬಿಟ್ಟಿರ್ತಾವ.

75 ಹಾರ್ಸ್‌ಪವರ್ ಮಲ್ಟಿಜೆಟ್‌ನಾಗ ಸಾದಾ ವೇಸ್ಟ್‌ಗೇಟ್ ಟರ್ಬೊ (ಪ್ರೆಶರ್ ಜಾಸ್ತಿ ಆದ್ರ ಹೊಗಿ ಹೊರಗ ಬಿಡೂ ಬಾಗಿಲು ಇದ್ದಿದ್ದು), 90ರದ್ದರಾಗ ವಿಜಿಟಿ (ಹೊಗಿ ದಾರಿ ಹಿಗ್ಗಿಸಿ ಕುಗ್ಗಿಸೂ ರೆಕ್ಕಿ ಇದ್ದ ಟರ್ಬೊ). ವಿಜಿಟಿ ಗಾಡಿ ಬರೇ ಊರಾಗ ನಿಧಾನ ಓಡಿದ್ರ ಒಳಗಿನ ರೆಕ್ಕಿಗೆ ಮಸಿ ಹಿಡದು ಜಾಮ್ ಆಗ್ತಾವ. ಇದರ ಗುರುತು ಅಂದ್ರ, ಜೋರ್ ಹೊಡದಾಗ ಒಮ್ಮಿಂದೊಮ್ಮೆ ಶಕ್ತಿ ಹೋಗ್ತೈತಿ, ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರ ವಾಪಸ್ ಬರ್ತೈತಿ.

ಗಾಡಿ ಕಂಪ್ಯೂಟರಿನ ರೀಡಿಂಗ್, ಫಾಲ್ಟ್ ಕೋಡ್ ಓದೂ ಒಂದು ಸ್ಕ್ಯಾನರ್ ಹಚ್ಚಿದ್ರ ಅರ್ಧ ತಲಿಬಿಸಿ ಕಮ್ಮಿ. ಕೀಲಿ ಆನ್ ಮಾಡಿ, ಇಂಜಿನ್ ಚಾಲೂ ಮಾಡದನ ಮ್ಯಾಪ್ (ಇಂಜಿನ್‌ಗೆ ಹೋಗೂ ಗಾಳಿ ಪ್ರೆಶರ್ ಅಳಿಯೂ ಸೆನ್ಸರ್) ರೀಡಿಂಗ್ ನೋಡ್ರಿ, ಆಗ ಅದು ಹೊರಗಿನ ಗಾಳಿ ಪ್ರೆಶರ್ ತೋರಿಸ್ತೈತಿ. ನಮ್ಮ ಹುಬ್ಬಳ್ಳಿ-ಧಾರವಾಡ ಎತ್ತರದಾಗ ಐತಲ್ಲ, ಇಲ್ಲಿ 92ರಿಂದ 94 ಕಿಲೊಪಾಸ್ಕಲ್ ಬರಬೇಕು, ಕಾರವಾರದಾಗಾದ್ರ 101ರ ಹತ್ರ. ಇಲ್ಲೇ ನಿಂತು 110 ತೋರಿಸಿದ್ರ ಸೆನ್ಸರ್ರ ಸುಳ್ಳು ಹೇಳ್ತೈತಿ, ಮಸಿ ತಗದು ಮತ್ತ ನೋಡ್ರಿ. ಆಮ್ಯಾಲ ಪಕ್ಕದ ಸೀಟಿನಾಗ ಒಬ್ಬರನ್ನ ಕುಂಡ್ರಿಸಿ, ಟ್ರಾಫಿಕ್ ಇಲ್ದ ಹೊತ್ತಿನಾಗ ಗದಗ ರೋಡಿಗೆ ಓಡಿಸ್ರಿ, ಬೂಸ್ಟ್ (ಟರ್ಬೊ ಕೊಡೂ ಗಾಳಿ ಪ್ರೆಶರ್) ಮತ್ತ ರೈಲ್ ಪ್ರೆಶರ್ ಎರಡರದ್ದೂ ಗಾಡಿ ಕಂಪ್ಯೂಟರ್ ಕೇಳಿದ್ದೆಷ್ಟು ಬಂದಿದ್ದೆಷ್ಟು ಅಂತ ಅವರು ರೆಕಾರ್ಡ್ ಮಾಡ್ಲಿ. ಜಗ್ಗಾಡೂ ಹೊತ್ತಿಗೆ ಯಾವುದು ಮೊದಲ ಬಿತ್ತೋ ಆ ಕಡೆ ಹೋಗ್ರಿ. ಕೋಡ್ ಪಿ0299 ಬಂದ್ರ ಬೂಸ್ಟ್ ಕಮ್ಮಿ, ಪಿ0234 ಬಂದ್ರ ಜಾಸ್ತಿ, ಪಿ0087 ಅಂದ್ರ ರೈಲ್ ಪ್ರೆಶರ್ ಕಮ್ಮಿ.

ಇಷ್ಟೆಲ್ಲಾ ಆದ ಮ್ಯಾಲ ಟರ್ಬೊಕ್ಕ ಕೈ ಹಚ್ರಿ. ಇಂಜಿನ್ ತಣ್ಣಗಾದಾಗ ಟರ್ಬೊಕ್ಕ ಗಾಳಿ ಬರೂ ಪೈಪ್ ಬಿಚ್ಚಿ ಅದರ ಶಾಫ್ಟ್ ಅಳ್ಳಾಡಿಸ್ರಿ. ಅತ್ತಿತ್ತ ಸ್ವಲ್ಪ ಆಡೂದು ಮಾಮೂಲಿ. ಹಿಂದ ಮುಂದ ಆಡಿದ್ರ, ಇಲ್ಲಾ ರೆಕ್ಕಿ ಗೋಡಿಗೆ ತಾಕಿದ ಗೀರು ಕಂಡ್ರ ಅದು ಹೋಗೈತಿ, ಅಂಥಾ ಗಾಡಿ ಮತ್ತ ಓಡಿಸಬ್ಯಾಡ್ರಿ. ಟರ್ಬೊದ ಸೀಲ್ ಹೋಗಿ ಇಂಜಿನ್ ತನ್ನ ಎಣ್ಣಿನ ಕುಡಿಯಾಕ ಹತ್ತಿದ್ರ ಕೀಲಿ ತಗದ್ರೂ ಬಂದ್ ಆಗಂಗಿಲ್ಲ, ರೇಸ್ ತಾನ ಏರ್ತೈತಿ, ಹಿಂದ ನೀಲಿ-ಬೆಳ್ಳಗ ಹೊಗಿ ತುಂಬ್ತೈತಿ. ಆಗ ಬ್ರೇಕ್ ಗಟ್ಟಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಆಫ್ ಆಗೂ ಹಂಗ ಮಾಡ್ರಿ. ಮನ್ಯಾಗ ಗಾಡಿ ಓಡಿಸೂ ಎಲ್ಲಾರಿಗೂ ಇದನ್ನ ಇವತ್ತ ಹೇಳಿಡ್ರಿ.